ಬಾಯಾರ ದವಾಖಾನೆಯ ನಲವತ್ತೊಂದು ಖಾಲಿ ಪುಟ

ಹತ್ತಿಮತ್ತೂರಿನ ಶೇಖವ್ವನಿಗೆ ಸಿಟ್ಟೋ ದಿಗಿಲೋ ಬಂದರೆ ಮಾತು ನಿಲ್ಲುತ್ತಿತ್ತು, ಸಂತೋಷವಾದರೆ ಬೈಗುಳ ಶುರುವಾಗುತ್ತಿತ್ತು. ಇದು ಗೊತ್ತಿಲ್ಲದ ಬಸುರಿಯರು ಮೊದಲ ಸಲ ಅವಳ ಕೈಗೆ ಸಿಕ್ಕಾಗ ಗಾಬರಿ ಬೀಳುತ್ತಿದ್ದರು. ಕೂಸಿನ ತಲೆ ಕಂಡ ಕೂಡಲೇ ಅವಳು ಆ ಕೂಸನ್ನೂ ಅದರ ಅಪ್ಪನನ್ನೂ ಸೇರಿಸಿ ಬೈಯತೊಡಗಿದಳೆಂದರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ. ಅವಳು ಬಾಯಿ ಮುಚ್ಚಿದಾಗ ಮಾತ್ರ ಡಾಕ್ಟರ್ ನಸೀರಾ ತಮ್ಮ ಕೋಣೆಯಿಂದ ಎದ್ದು ಬರುತ್ತಿದ್ದರು.

ನಸೀರಾ ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ ಬಂದು, ಸವಣೂರಿನ ಎಲೆಪೇಟೆಯ ಹಿಂದಿನ ನಮ್ಮ ಓಣಿಯಲ್ಲಿ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು ಎಪ್ಪತ್ತಮೂರರಲ್ಲಿ ಎಂಟು ಮಂಚದ ಹೆರಿಗೆ ಆಸ್ಪತ್ರೆ ತೆರೆದಿದ್ದರು. ಬಾಗಿಲ ಮೇಲೆ ‘ನರ್ಸಿಂಗ್ ಹೋಮ್’ ಎಂದು ಬಣ್ಣದಲ್ಲಿ ಬರೆಸಿದ್ದರೂ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಹೆಣ್ಣು ಡಾಕ್ಟರನ್ನು ಬಾಯಾರು ಎನ್ನುವ ಎಲ್ಲರ ಬಾಯಲ್ಲಿ ಅದು ಬಾಯಾರ ದವಾಖಾನಿ. ಮೊದಲ ವರ್ಷ ಎಂಟು ಮಂಚದಲ್ಲಿ ಆರು ಖಾಲಿ ಇರುತ್ತಿದ್ದವು. ಹಳ್ಳಿಯ ಸೂಲಗಿತ್ತಿಯರು ಎಲ್ಲ ಮಾಡಿ ಮುಗಿಸಿ, ಇನ್ನು ತಮ್ಮಿಂದ ಆಗದು ಎಂದು ಕೈಬಿಟ್ಟ ಮೇಲೆ, ಜೀವ ಕೊರಳಿಗೆ ಬಂದ ಹೆಂಗಸರನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಬರುತ್ತಿದ್ದರು. ಹಾಗಾಗಿ ಸೂಲಗಿತ್ತಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಸೀರಾರ ಮುಖ ಗಂಟಾಗುತ್ತಿತ್ತು.

ಶೇಖವ್ವ ಸೂಲಗಿತ್ತಿಯ ಮಗಳು, ತಾನೂ ಸೂಲಗಿತ್ತಿ. ತಾಯಿ ಗುತ್ತೆವ್ವನ ಬೆನ್ನ ಹಿಂದೆ ಎಣ್ಣೆ ಬಟ್ಟಲು ಹಿಡಿದುಕೊಂಡು ಹತ್ತನೇ ವಯಸ್ಸಿಗೇ ಹೆರಿಗೆ ಮನೆ ಹೊಕ್ಕವಳು. ಊರ ಹೊರಗಿನ ಕೇರಿಯವರು ಅವರು. ನೋವು ಹತ್ತಿದಾಗ ಗೌಡರ ಮನೆಯವರಿಗೂ ಆ ಕೇರಿಯ ದಾರಿ ನೆನಪಾಗುತ್ತಿತ್ತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮಾತ್ರ ಗುತ್ತೆವ್ವನ ಎಲೆಯಡಿಕೆ ಅಂಗಳದ ಮೂಲೆಗೆ ಬರುತ್ತಿತ್ತು. ಗುತ್ತೆವ್ವ ಅದನ್ನು ನಗುತ್ತಲೇ ಉಡಿಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು, ಶೇಖವ್ವನಿಗೆ ಆ ನಗು ಬರುತ್ತಿರಲಿಲ್ಲ.

ಎಪ್ಪತ್ನಾಲ್ಕರ ಒಂದು ಮುಂಜಾನೆ ವೀಳ್ಯದೆಲೆಯ ಪೆಂಡಿ ಹೇರಿದ್ದ ಲಾರಿ ಬಾಯಾರ ದವಾಖಾನೆಯ ಮುಂದೆ ನಿಂತಿತು. ಒಬ್ಬ ಬಸುರಿಯನ್ನು ಹೆಗಲಿಗೆ ಆನಿಸಿಕೊಂಡು ಶೇಖವ್ವ ಇಳಿದಳು. ನಸೀರಾ ಹೊರಗೆ ಬಂದದ್ದೇ ತಡ, ಅವಳು ನೇರವಾಗಿ ಕೇಳಿದಳು.

“ಕೂಸು ಅಡ್ಡ ಬಿದ್ದೈತ್ರಿ. ನನ್ನ ಕೈಲೆ ಆಗೂದಿಲ್ಲ. ನಿಮ್ಮ ಕೈಲೆ ಆಗ್ತೈತೇನ್ರಿ?”

ನಸೀರಾ ಹೊಟ್ಟೆ ಮುಟ್ಟಿ ನೋಡಿದರು. ಕೂಸು ಅಡ್ಡ ಇದ್ದದ್ದು ಖರೆ. ಆದರೆ ನೋವು ಇನ್ನೂ ಪೂರ್ತಿ ಹತ್ತಿರಲಿಲ್ಲ. ಒಬ್ಬ ಸೂಲಗಿತ್ತಿ ಕೈ ಹಾಕುವ ಮೊದಲೇ ತನ್ನ ಕೈಲಾಗದ್ದನ್ನು ಒಪ್ಪಿಕೊಂಡು, ಹೊತ್ತಿಗೆ ಸರಿಯಾಗಿ ಬಂದದ್ದನ್ನು ಅವರು ನೋಡಿದ್ದು ಅದೇ ಮೊದಲು. ತಾಯಿ ಮಗು ಇಬ್ಬರೂ ಉಳಿದರು. ಸಂಜೆ ಶೇಖವ್ವ ಹೊರಟು ನಿಂತಾಗ ನಸೀರಾ ಚಹಾದ ಕಪ್ಪನ್ನು ಅವಳ ಕೈಗೇ ಕೊಟ್ಟು, “ಇಲ್ಲೇ ಇರ್ತೀಯೇನ ಶೇಖವ್ವ?” ಎಂದರು. ಕಪ್ಪು ಕೈಗೇ ಕೊಟ್ಟದ್ದನ್ನು ನೋಡಿ ಶೇಖವ್ವ ಇದ್ದುಬಿಟ್ಟಳು ಎಂದು ನನಗೆ ಅನ್ನಿಸುತ್ತದೆ. ಅವಳನ್ನು ಕೇಳಿದರೆ, ಚಹಾ ಭಾಳ ಚಲೋ ಇತ್ತು ಎನ್ನುತ್ತಿದ್ದಳು. ಗಂಡ ಉಡಚಪ್ಪ ಎಲೆಪೇಟೆಯಲ್ಲಿ ಹಮಾಲಿ ಹಿಡಿದ. ಇಬ್ಬರೂ ಸವಣೂರಿನವರಾದರು.

ಅವಳು ಬಂದ ಮೇಲೆ ಮಂಚಗಳು ತುಂಬಿದವು. ಆದರೆ ಬಂದವರು ನಿಲ್ಲುತ್ತಿರಲಿಲ್ಲ. ಹೆರಿಗೆಯಾದ ನಾಲ್ಕನೇ ದಿನಕ್ಕೆ ಅತ್ತೆಯಂದಿರು ಗಂಟು ಕಟ್ಟುತ್ತಿದ್ದರು. ಐದನೇ ದಿನ ದೇವಿ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೆಯುತ್ತಾಳಲ್ಲ, ಆ ಹೊತ್ತಿಗೆ ಮನೆಯಲ್ಲಿ ದೀಪ ಹಚ್ಚಿ, ಖಾಲಿ ಹಾಳೆ ಮತ್ತು ಲೇಖನಿ ಇಟ್ಟಿರಬೇಕಲ್ಲ. ಹೊಲಿಗೆ ಹಾಕಿಸಿಕೊಂಡ ಹಸಿ ಬಾಣಂತಿಯರು ಚಕ್ಕಡಿಯಲ್ಲಿ ಕುಲುಕಾಡಿಕೊಂಡು ಹೋಗುತ್ತಿದ್ದರು, ಎಂಟು ದಿನಕ್ಕೆ ಜ್ವರ ಬಂದು ಮರಳಿ ಬರುತ್ತಿದ್ದರು. ನಸೀರಾ ತಿಳಿಹೇಳಿದರು, ಗದರಿದರು, ಕೈಮುಗಿದರು. ಶೆಟಿಗೆವ್ವನ ಮುಂದೆ ಯಾವುದೂ ನಡೆಯಲಿಲ್ಲ.

ಶಿಗ್ಗಾಂವಿಯ ಜಮೀನುದಾರರ ಸೊಸೆ ವೀರವ್ವನಿಗೆ ಆಪರೇಷನ್ ಮಾಡಿ ಕೂಸು ತೆಗೆದದ್ದು ಆಗಲೇ. ನಾಲ್ಕನೇ ದಿನ ಅವಳ ಅತ್ತೆ ಮೋಟಾರು ತರಿಸಿ ಬಾಗಿಲಿಗೆ ನಿಲ್ಲಿಸಿದಳು. ನಸೀರಾ ಹತಾಶರಾಗಿ ಕುರ್ಚಿಯಲ್ಲಿ ಕುಳಿತಾಗ ಶೇಖವ್ವ ಆ ಅತ್ತೆಯ ಮುಂದೆ ಹೋಗಿ ನಿಂತಳು.

“ಅಲ್ರೀ ಯವ್ವಾ, ಶಿಗ್ಗಾಂವಿತನಕ ಬರಾಕಿ ಶೆಟಿಗೆವ್ವಗ ಸವಣೂರ ದಾರಿ ಗೊತ್ತಿಲ್ಲೇನ್ರಿ? ಇಲ್ಲೇ ದೀಪಾ ಹಚ್ಚೂಣು. ಕೂಸು ಎಲ್ಲೈತೋ ಅಲ್ಲೇ ಬರ್ತಾಳ ಅಕಿ.”

ಅತ್ತೆ ಒಂದು ಗಳಿಗೆ ಯೋಚಿಸಿ, “ಹಾಳಿ ತೋರಸು” ಎಂದಳು. ಶೇಖವ್ವ ಔಷಧ ಬರೆಯುವ ಚೀಟಿ ತಂದು ತೋರಿಸಿದಳು. ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಇಷ್ಟು ಸಣ್ಣ ಹಾಳೆಯಲ್ಲಿ ತನ್ನ ಮೊಮ್ಮಗನ ಹಣೆಬರಹ ಎಷ್ಟು ಹಿಡಿದೀತು ಎಂದು ಕೇಳಿದಳು. ಮೇಜಿನ ಮೇಲೆ ಆಸ್ಪತ್ರೆಯ ಹೆರಿಗೆ ರಿಜಿಸ್ಟರ್ ಇತ್ತು. ಕೆಂಪು ಬಟ್ಟೆಯ ರಟ್ಟು, ಮಾರುದ್ದ ಪುಟ, ದಾರ ಕಟ್ಟಿದ ಪೆನ್ನು. ಅತ್ತೆಯ ಕಣ್ಣು ಅದರ ಮೇಲೆ ಹೋಯಿತು, ಶೇಖವ್ವನ ಕಣ್ಣು ಅತ್ತೆಯ ಮೇಲೆ ಹೋಯಿತು. ಮೋಟಾರು ಖಾಲಿ ವಾಪಸು ಹೋಯಿತು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಬಾಯಾರ ದವಾಖಾನೆಯಲ್ಲಿ ದೊಡ್ಡ ಪುಸ್ತಕದೊಳಗೇ ಶೆಟಿಗೆವ್ವನಿಂದ ಬರೆಸುತ್ತಾರೆ ಎಂಬ ಸುದ್ದಿ ಹಬ್ಬಿತು. ಬಡವರಾಗಲಿ, ಬಲ್ಲಿದರಾಗಲಿ, ಯಾರೂ ಅದಕ್ಕಿಂತ ಸಣ್ಣ ಹಾಳೆಗೆ ಒಪ್ಪಲಿಲ್ಲ. ಐದನೇ ದಿನ ಸಂಜೆ ಹಲಗೆಯ ಮೇಲೆ ರಿಜಿಸ್ಟರನ್ನು ಖಾಲಿ ಪುಟಕ್ಕೆ ತೆರೆದಿಟ್ಟು, ಪಕ್ಕದಲ್ಲಿ ದೀಪ, ಮೊರದಲ್ಲಿ ಕೂಸು. ಬಂಕಾಪುರದ ಮಾಬೂಬಿ ಕೂಡ, ತಮ್ಮಲ್ಲಿ ಆರನೇ ದಿನ ಛಟ್ಟಿ ಮಾಡುತ್ತಾರೆ, ಆ ದಿನ ಪುಸ್ತಕ ತನ್ನ ಮಂಚದ ಹತ್ತಿರ ಇರಲಿ ಎಂದು ಕೇಳಿ ಇಡಿಸಿಕೊಂಡಳು. ಬಾಣಂತಿಯರು ಏಳೆಂಟು ದಿನ ನಿಲ್ಲತೊಡಗಿದರು. ಜ್ವರ ಬಂದು ಮರಳುವವರು ಇಲ್ಲವಾದರು. ನಸೀರಾರಿಗೆ ಪೂಜೆ ನಡೆಯುವುದು ಗೊತ್ತಿತ್ತು, ಯಾವುದೋ ಹಳೆಯ ಪುಸ್ತಕ ಇಡುತ್ತಾರೆ ಎಂದುಕೊಂಡಿದ್ದರು. ರಿಜಿಸ್ಟರ್ ಬರೆಯುವವಳು ಸಿಸ್ಟರ್ ಸರೋಜವ್ವ, ಹಿರೇಕೆರೂರಿನ ಹುಡುಗಿ. ದೇವಿ ಬರೆದ ಪುಟದ ಮೇಲೆ ಮನುಷ್ಯರು ಬರೆಯಬಾರದು ಎಂಬುದು ಅವಳಿಗೂ ಗೊತ್ತಿತ್ತು. ಅವಳು ಸದ್ದಿಲ್ಲದೆ ಒಂದೊಂದು ಪುಟ ಬಿಟ್ಟು ಮುಂದೆ ಬರೆಯುತ್ತ ಹೋದಳು.

ಖಾಸಗಿ ನರ್ಸಿಂಗ್ ಹೋಮುಗಳಿಗೆ ಪರವಾನಗಿ ಬೇಕು ಎಂಬ ಕಾಯ್ದೆ ಬೆಂಗಳೂರಿನಲ್ಲಿ ಎಪ್ಪತ್ತಾರರಲ್ಲೇ ಆಗಿತ್ತಂತೆ. ಅದು ನಮ್ಮ ಓಣಿಗೆ ಬಂದು ಮುಟ್ಟಿದ್ದು ಎಂಬತ್ಮೂರರಲ್ಲಿ, ಒಂದು ಕಂದು ಲಕೋಟೆಯಲ್ಲಿ. ಮುಂದಿನ ಗುರುವಾರ ತನಿಖೆಗೆ ಅಧಿಕಾರಿ ಬರುತ್ತಾರೆ, ದಾಖಲೆ ಸರಿಯಿರಬೇಕು, ತರಬೇತಿ ಪಡೆದ ಸಿಬ್ಬಂದಿಯ ಪಟ್ಟಿ ಸಿದ್ಧವಿರಬೇಕು ಎಂದು ಅದರಲ್ಲಿತ್ತು. ನಸೀರಾ ಪಟ್ಟಿ ಬರೆದರು. ತಮ್ಮ ಹೆಸರು, ಸರೋಜವ್ವನ ಹೆಸರು. ಮೂರನೆಯ ಸಾಲಿಗೆ ಬಂದು ಪೆನ್ನು ನಿಂತಿತು. ಶೇಖವ್ವನನ್ನು ಕರೆದರು.

“ಶೇಖವ್ವ, ಗುರುವಾರ ನೀ ಬರಬ್ಯಾಡ. ತರಬೇತಿ ಇಲ್ಲದವರು ಹೆರಿಗಿ ಕೋಣ್ಯಾಗ ಇರಬಾರದಂತ.”

“ಗುರುವಾರ ಅಷ್ಟೇನ್ರಿ ಬಾಯಾರ, ಮುಂದೂನೂ?”

ನಸೀರಾ ಪೆನ್ನಿಗೆ ಮುಚ್ಚಳ ಹಾಕಿದರು. ಕಿಟಕಿಯ ಕಡೆ ನೋಡಿದರು. ಒಂಬತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರಿಗೆ ಅಷ್ಟು ಸಾಕಾಗಿತ್ತು. ಶೇಖವ್ವ ಬಾಯಿ ಬಿಡದೆ ಹೊರಗೆ ಹೋದಳು. ಅವಳ ಮೌನಕ್ಕೆ ನಸೀರಾರಿಗೆ ಆ ದಿನ ಊಟ ಸೇರಲಿಲ್ಲ.

ಗುರುವಾರ ಬೆಳಿಗ್ಗೆ ಶೇಖವ್ವ ಮನೆಯಲ್ಲಿ ಬೆಳಗಿದ ಕೊಡಗಳನ್ನೇ ಮತ್ತೆ ಬೆಳಗುತ್ತ ಕುಳಿತಿದ್ದಳು. ಉಡಚಪ್ಪ ಬಾಗಿಲಲ್ಲಿ ಕುಂತು ಬೀಡಿ ಹಚ್ಚಿಕೊಂಡು, ಒಂಬತ್ತು ವರ್ಷಕ್ಕೆ ಒಂದು ಸೂಟಿ ಸಿಕ್ಕಿದೆ, ಮಲಗಬಾರದೇ ಎಂದ. ಅವಳು ಕೊಡವನ್ನು ಅವನ ಕಡೆ ತಿರುಗಿಸಿದ ರೀತಿ ನೋಡಿ ಎದ್ದು ಎಲೆಪೇಟೆಗೆ ಹೋದ. ಆಗ ದವಾಖಾನೆಯಲ್ಲಿ ಕಸಮುಸುರೆ ನೋಡುವ ಹಾಜರಾಬಿ ಏದುಸಿರು ಬಿಡುತ್ತ ಬಂದಳು.

“ಶೇಖವ್ವಾ, ತಡಸದ ಮಂಜವ್ವ ಬಂದಾಳ. ನೋವು ಭಾಳ ಹತ್ಯಾವ. ನೀ ಬರೂತನಕ ಮಂಚಾ ಹತ್ತೂದಿಲ್ಲ ಅಂತ ಬಾಗಲಾ ಹಿಡಕೊಂಡ ನಿಂತಾಳ. ಅತ್ಲಾಗ ಸಾಹೇಬರೂ ಬಂದಾರ.”

ಶೇಖವ್ವ ಕೈ ಒರೆಸಿಕೊಂಡದ್ದು ದಾರಿಯಲ್ಲಿ. ಹಿತ್ತಲ ಬಾಗಿಲಿನಿಂದ ಒಳಹೊಕ್ಕು, ಮಂಜವ್ವನ ಕೈಯನ್ನು ಬಾಗಿಲಿನಿಂದ ಬಿಡಿಸಿ, ಮಂಚಕ್ಕೆ ಏರಿಸಿದಳು. ನಸೀರಾ ಒಂದು ಕಾಲು ಹೆರಿಗೆ ಕೋಣೆಯಲ್ಲಿ, ಒಂದು ಕಾಲು ಸಾಹೇಬರ ಹಿಂದೆ ಇಟ್ಟು ಬೆವರುತ್ತಿದ್ದರು. ಶೇಖವ್ವನನ್ನು ಕಂಡು ಅವರ ಮುಖಕ್ಕೆ ಜೀವ ಬಂತು. ಬರಬೇಡ ಎಂದದ್ದು ಇಬ್ಬರಿಗೂ ನೆನಪಿದ್ದಂತೆ ಕಾಣಲಿಲ್ಲ.

ತನಿಖೆಗೆ ಬಂದ ಬಸವಣ್ಣೆಪ್ಪ ಸಾಹೇಬರು ತೆಳ್ಳಗಿನ ಆಳು, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ಅಳತೆ ಟೇಪು. ಚಹಾ ಬೇಡ ಎಂದರು, ಎಳನೀರು ಬೇಡ ಎಂದರು. ಮಂಚದಿಂದ ಮಂಚಕ್ಕೆ ಅಳೆದರು, ಕಿಟಕಿ ಅಳೆದರು, ನೀರಿನ ಹಂಡೆಯ ಮುಚ್ಚಳ ಎತ್ತಿ ಮೂಸಿದರು. ಬಾಣಂತಿಯ ದಿಂಬಿನ ಕೆಳಗೆ ಕೈ ಹಾಕಿ ಒಂದು ಕುಡುಗೋಲು ಹೊರತೆಗೆದು, “ಇದು ಆಪರೇಷನ್ ಸಾಮಾನೇನ್ರಿ ಡಾಕ್ಟರ್ರ?” ಎಂದು ಕೇಳಿದರು. ನಸೀರಾ ತಲೆ ತಗ್ಗಿಸಿದರು. ದೃಷ್ಟಿ ತಾಗದಂತೆ ಇಟ್ಟ ಕಬ್ಬಿಣ ಅದು. ಶೇಖವ್ವ ಬೆಳಿಗ್ಗೆಯಿಂದ ಇದ್ದಿದ್ದರೆ ಸಾಹೇಬರು ಬರುವ ಮೊದಲೇ ಅದನ್ನು ಅಡಗಿಸುತ್ತಿದ್ದಳು. ಸಾಹೇಬರು ಅದನ್ನು ಇದ್ದಲ್ಲೇ ಇಟ್ಟು, ಪುಸ್ತಕದಲ್ಲಿ ಏನೋ ಬರೆದುಕೊಂಡು ಮುಂದೆ ಹೋದರು. ಅಷ್ಟಕ್ಕೇ ಮುಗಿದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆಮೇಲೆ ಹೆರಿಗೆ ರಿಜಿಸ್ಟರ್ ಕೇಳಿದರು.

ಒಳಗೆ ಶೇಖವ್ವ ಮಂಜವ್ವನ ಗಂಡನ ಮೂರು ತಲೆಮಾರನ್ನು ಬೈಯುತ್ತಿದ್ದಳು. ಹೆಣ್ಣು ಕೂಸು ಹುಟ್ಟಿ ಚೀರಿತು. ಅದನ್ನು ಒರೆಸಿ ತಾಯಿಯ ಮಗ್ಗುಲಿಗೆ ಹಾಕಿ, ನಸೀರಾರನ್ನು ಕರೆಯಲು ಹೊರಗೆ ಬಂದು ಆಫೀಸ್ ಕೋಣೆಗೆ ಇಣುಕಿದಳು. ಸರೋಜವ್ವ ಗೋಡೆಗೆ ಆತು ಅಳುತ್ತಿದ್ದಳು. ನಸೀರಾರ ಮುಖ ಬಿಳಿಚಿಕೊಂಡಿತ್ತು. ಸಾಹೇಬರು ರಿಜಿಸ್ಟರಿನ ಪುಟ ತಿರುವುತ್ತಿದ್ದರು.

“ನಲವತ್ತೊಂದು ಖಾಲಿ ಪುಟ ಅದಾವ ಡಾಕ್ಟರ್ರ. ನಡುನಡುವ ಬಿಟ್ಟೀರಿ. ಹಿಂದಿನ ತಾರೀಖು ಹಾಕಿ ಬೇಕಾದ್ದ ಬರಕೊಳ್ಳಾಕ ಜಾಗಾ ಇಟ್ಟೀರಿ ಅಂತ ನಾ ತಿಳಕೋಬೇಕಾಗ್ತೈತಿ. ಸುಳ್ಳು ಹುಟ್ಟಿನ ದಾಖಲೆ ಹಿಂಗ ತಯಾರಾಗ್ತಾವ. ಇಂಥ ಪುಸ್ತಕ ಇಟ್ಟವರಿಗೆ ಪರವಾನಗಿ ಕೊಡಾಕ ಬರೂದಿಲ್ಲ.”

“ನನಗ ಖರೇನ ಗೊತ್ತಿಲ್ರಿ ಇದು” ಎಂದರು ನಸೀರಾ. ಅವರು ಸರೋಜವ್ವನ ಕಡೆ ನೋಡಿದರು. ಸರೋಜವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತನ್ನ ಕೆಲಸ ಹೋಗುತ್ತದೆ ಎಂದು ಶೇಖವ್ವ ವಾರವೆಲ್ಲ ಸಂಕಟಪಟ್ಟಿದ್ದಳು. ಈಗ ನೋಡಿದರೆ ತನ್ನಿಂದ ಆಸ್ಪತ್ರೆಯೇ ಹೋಗುವಂತಿತ್ತು. ಅವಳು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಸಾಹೇಬ್ರ, ಬಾಯಾರದ್ದೂ ತಪ್ಪಿಲ್ರಿ, ಸರೋಜವ್ವಂದೂ ಇಲ್ರಿ. ಅದು ನಾ ಮಾಡಿದ್ದು. ಆ ಪುಟಾ ಖಾಲಿ ಇಲ್ರಿ. ಅವು ಶೆಟಿಗೆವ್ವ ಬರದ ಪುಟಾ.”

ಬಸವಣ್ಣೆಪ್ಪ ಕನ್ನಡಕ ತೆಗೆದು ಅವಳನ್ನು ನೋಡಿದರು. “ನೀ ಯಾರವ್ವ?”

“ನಾ ಇಲ್ಲಿ ಇರಾಕಿರಿ, ಶೇಖವ್ವ.”

ಸಾಹೇಬರು ಮೇಜಿನ ಮೇಲಿದ್ದ ಪಟ್ಟಿ ನೋಡಿದರು. ಎರಡೇ ಹೆಸರು. ಕುರ್ಚಿಗೆ ಒರಗಿದರು. ಶೇಖವ್ವ ಶಿಗ್ಗಾಂವಿಯ ಅತ್ತೆಯಿಂದ ಹಿಡಿದು ಬಂಕಾಪುರದ ಮಾಬೂಬಿಯವರೆಗೆ ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ನಸೀರಾರ ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಸಿಟ್ಟು, ಕೊನೆಗೆ ತಡೆಯಲಾರದ ನಗು ಬಂದುಹೋದವು. ಸಾಹೇಬರು ಮಾತ್ರ ನಗಲಿಲ್ಲ.

“ಕತಿ ಚಲೋ ಐತಿ. ನಮ್ಮ ಮನ್ಯಾಗೂ ಶೆಟಿಗೆವ್ವನ ಪೂಜಿ ಮಾಡ್ತೇವಿ. ಆದ್ರ ಕತಿ ಕೇಳಿ ನಾ ಸಹಿ ಹಾಕಾಕ ಬರೂದಿಲ್ಲ. ಪ್ರತಿ ಪುಟಾನೂ ಒಂದ ಕೂಸಿಂದು ಅಂತೀಯಲ್ಲ, ಯಾವ ಪುಟಾ ಯಾರದು ಅಂತ ಹೇಳ್ತೀಯೇನ?”

“ಹೇಳ್ತೇನ್ರಿ. ನನಗ ಓದಾಕ ಬರೂದಿಲ್ಲ. ನೀವು ಮೊದಲಿಂದ ಎಷ್ಟನೇದು ಅಂತ ಹೇಳ್ರಿ ಸಾಕು.”

ಸಾಹೇಬರು ಎಣಿಸಿ ಒಂದು ಪುಟಕ್ಕೆ ಬೆರಳಿಟ್ಟರು. “ಹದಿನೇಳನೇದು.”

ಶೇಖವ್ವ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸಿದಳು. ಗುತ್ತೆವ್ವ ಕಲಿಸಿಕೊಟ್ಟ ಲೆಕ್ಕ ಅದು, ಬಸುರಿಯರ ದಿನ ಎಣಿಸುವುದೂ ಅದರಲ್ಲೇ. “ಹದಿನೇಳು ಅಂದ್ರ ಹಾನಗಲ್ಲ ಮಾಸ್ತರ ಹೇಣ್ತಿದ್ರಿ. ಗಂಡು. ಬಲಗಿವಿ ಮಡಚಿತ್ತು, ನಾ ದಿನಾ ಎಣ್ಣಿ ಹಚ್ಚಿ ಬಿಡಿಸಿದ್ನಿ.”

ಸಾಹೇಬರು ಹಿಂದಿನ ಪುಟ ತಿರುವಿ ಐದು ದಿನ ಮೊದಲಿನ ದಾಖಲೆ ನೋಡಿದರು. ಹಾನಗಲ್ಲು, ಗಂಡು, ಎರಡೂ ಮುಕ್ಕಾಲು ಕಿಲೊ. ಕಿವಿಯ ಸಂಗತಿ ಅದರಲ್ಲಿ ಇರಲಿಲ್ಲ.

“ಒಂಬತ್ತನೇದು?”

“ಹಿರೇಕೆರೂರಿನ ಅವಳಿಜವಳಿರಿ. ಎರಡೂ ಹೆಣ್ಣು. ಅವಕ್ಕ ಎರಡ ಪುಟಾ ಬೇಕಂದ್ಲು ಅವರಜ್ಜಿ. ಒಂಬತ್ತು, ಹತ್ತು ಎರಡೂ ಅವರವ.”

“ಇಪ್ಪತ್ತಾರು?”

“ಬಂಕಾಪುರದ್ದು. ಕೂಸು ಹುಟ್ಟಿದ ಹೊತ್ತಿಗೆ ಅವರಪ್ಪ ಹೊರಗ ಎಚ್ಚರ ತಪ್ಪಿ ಬಿದ್ದಿದ್ದ. ಅವಗೂ ಒಂದ ಮಂಚಾ ಕೊಟ್ಟಿದ್ವಿ.”

ಎರಡೂ ಸರಿಯಾಗಿದ್ದವು. ಎಚ್ಚರ ತಪ್ಪಿದ ಅಪ್ಪನಿಗೆ ಕೊಟ್ಟ ಮಂಚದ ಮಾತು ಕೇಳಿ ಸಾಹೇಬರ ಪೆನ್ನು ಬರೆಯಲು ಮೇಲೆದ್ದಿತ್ತು, ಯಾಕೋ ಮರಳಿ ಮೇಜಿಗೆ ಬಂತು. ಆಮೇಲೆ ಅವರು ಪರೀಕ್ಷೆ ಮಾಡುವುದನ್ನು ಬಿಟ್ಟು, ಮೊದಲ ಪುಟದಿಂದ ಒಂದೊಂದಾಗಿ ಕೇಳುತ್ತ ಹೋದರು. ಸರೋಜವ್ವ ಕಣ್ಣೊರೆಸಿಕೊಂಡು ಹಿಂದಿನ ದಾಖಲೆ ಓದಿದಳು. ಶೇಖವ್ವ ಆ ಕೂಸುಗಳ ಮಚ್ಚೆ, ಅಳುವ ದನಿ, ಕೂದಲು, ಅಜ್ಜಿಯರ ಜಗಳ ಎಲ್ಲ ಹೇಳಿದಳು. ಬೇಕಾದರೆ ಟ್ರಂಕಿನಲ್ಲಿರುವ ಹಳೆಯ ರಿಜಿಸ್ಟರುಗಳನ್ನೂ ತರುತ್ತೇನೆ, ಅವುಗಳಲ್ಲಿ ಇನ್ನೂ ಹೆಚ್ಚು ಪುಟ ಇವೆ ಎಂದು ಹುರುಪಿನಲ್ಲಿ ಹೇಳಹೊರಟವಳು ನಸೀರಾರ ಕಣ್ಣು ನೋಡಿ ಅರ್ಧಕ್ಕೆ ನುಂಗಿಕೊಂಡಳು.

ಮೂವತ್ಮೂರನೆಯ ಪುಟ ಬಂತು. ಸರೋಜವ್ವ ಹಿಂದಿನ ದಾಖಲೆ ಓದಲು ಬಾಗಿದವಳು ಹಾಗೆಯೇ ನಿಂತಳು. ಆ ಪುಟದ ಹಿಂದೆ ಎಂಟು ದಿನ ಯಾವ ಹೆರಿಗೆಯೂ ಇರಲಿಲ್ಲ. ವರದಾ ನದಿ ತುಂಬಿ ಬಸ್ಸುಗಳೆಲ್ಲ ನಿಂತುಹೋಗಿದ್ದ ವಾರ ಅದು, ಎಂಟೂ ಮಂಚ ಖಾಲಿ ಇದ್ದವು.

“ಇದು ಯಾರದವ್ವ?” ಎಂದರು ಸಾಹೇಬರು.

ಶೇಖವ್ವ ಮಾತಾಡಲಿಲ್ಲ. ನಸೀರಾ ಅಭ್ಯಾಸಬಲದಿಂದ ಕುರ್ಚಿ ಬಿಟ್ಟು ಎದ್ದರು.

“ಹೇಳಬೇಕವ್ವ. ನಲವತ್ತಕ್ಕ ಲೆಕ್ಕ ಕೊಟ್ಟು ಒಂದಕ್ಕ ಕೊಡದಿದ್ರ ಎಲ್ಲಾ ಹೋತು. ಇಲ್ಲಿ ಹುಟ್ಟಿದ ಯಾವುದಾರ ಕೂಸಿನ ಸುದ್ದಿ ಮುಚ್ಚಿಟ್ಟೀರಿ ಅಂತ ಬರೀಬೇಕಾಗ್ತೈತಿ ನಾ.”

“ಮುಚ್ಚಿಟ್ಟಿಲ್ರಿ” ಎಂದಳು ಶೇಖವ್ವ. ಅವಳ ದನಿ ಸಣ್ಣಗಾಗಿತ್ತು. “ಅದು ನಂದ್ರಿ.”

“ನಿನ್ನ ಕೂಸಿಂದೇನ?”

“ಕೂಸಿಂದಲ್ರಿ. ನಂದ. ನಾ ಹುಟ್ಟಿದಾಗ ನಮ್ಮ ಮನ್ಯಾಗ ಹಾಳಿ ಎಲ್ಲಿ ಬರಬೇಕ್ರಿ. ನಮ್ಮವ್ವ ಸಾಲಿ ಮಾಸ್ತರ ಮನೀಗೆ ಹೋಗಿ ಒಂದ ಹಾಳಿ ಬೇಡಿದ್ಲಂತ. ನಿಮ್ಮ ಕೇರ್ಯಾಗ ಹಾಳಿ ಏನ ಮಾಡ್ತೀರಿ ಅಂತ ಬಾಗಲಾ ಹಾಕಿದ್ರಂತ. ಅವತ್ತ ಅಕಿ ನೆಲಾ ಸಾರಿಸಿ, ದೀಪಾ ಇಟ್ಟು, ಯವ್ವಾ ಇಲ್ಲೇ ನೆಲದ ಮ್ಯಾಲ ಬರದ ಹೋಗು ಅಂದ್ಲಂತ. ಮರದಿನಾ ಮುಂಜಾನೆ ಎದ್ದಾಕಿ ಮರತು ಅದನ್ನ ಸಗಣೀಲೆ ಸಾರಿಸೇ ಬಿಟ್ಟಾಳ.” ಇಲ್ಲಿ ಶೇಖವ್ವನಿಗೆ ನಗು ಬಂತು, ನಗುವಾಗಲೇ ಕಣ್ಣಲ್ಲಿ ನೀರೂ ಬಂತು. “ನಿನ್ನ ಹಣೆಬರಾ ನಾನ ಕೈಯಾರೆ ಅಳಿಸಿನಿ ಅಂತ ಸಾಯೂತನಕ ನಗತಿದ್ಲು. ಇಷ್ಟ ಮಂದಿ ಕೂಸಿಗೆ ದೊಡ್ಡ ಪುಸ್ತಕಾ ಇಟ್ನಿ, ನನಗೂ ಒಮ್ಮೆ ಇಡೂಣು ಅನಸ್ತ್ರಿ. ದವಾಖಾನಿ ಖಾಲಿ ಇತ್ತು. ಇಟ್ಟಕೊಂಡೆ. ಸರೋಜವ್ವಗ ಆ ಪುಟಾ ಬಿಡು ಅಂತಷ್ಟ ಹೇಳಿದ್ನಿ.”

ಒಳಗೆ ಮಂಜವ್ವನ ಕೂಸು ಅಳುತ್ತಿತ್ತು. ನಸೀರಾರಿಗೆ ನಾಚಿಕೆಯಾಯಿತು. ಪಟ್ಟಿಯ ಮೂರನೆಯ ಸಾಲಿಗೆ ನಿಂತ ತಮ್ಮ ಪೆನ್ನು ನೆನಪಾಗಿ ಅವರು ಮುಖ ಎತ್ತಲಾರದೆ ನಿಂತರು.

ಸಾಹೇಬರು ಪುಟದ ಕಡೆ ಬೆರಳು ಮಾಡಿದರು. “ಏನ ಬರದಾಳ ಶೆಟಿಗೆವ್ವ?”

“ನನಗೇನ ಓದಾಕ ಬರ್ತೈತ್ರಿ?”

ಆಗ ಬಸವಣ್ಣೆಪ್ಪ ಸಾಹೇಬರು ಮೊದಲ ಸಲ ನಕ್ಕರು. ನಕ್ಕು ಮುಗಿಸಿ, ಮತ್ತೆ ಆಫೀಸಿನ ಮುಖ ಹಾಕಿಕೊಂಡು ಕೆಲಸಕ್ಕೆ ಕುಳಿತರು. ನಲವತ್ತು ಪುಟದ ಕೆಳಮೂಲೆಯಲ್ಲಿ, ಅಂಚಿನ ಗೆರೆಯ ಹೊರಗೆ, ಸಣ್ಣದಾಗಿ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಮಾಡಿದರು. ವರದಿಯಲ್ಲಿ, ‘ಐದನೇ ಮತ್ತು ಆರನೇ ದಿನದ ಧಾರ್ಮಿಕ ಬಳಕೆಗಾಗಿ ಅಷ್ಟೇ ಅಳತೆಯ ಪ್ರತ್ಯೇಕ ಪುಸ್ತಕ ಇಡತಕ್ಕದ್ದು, ಸದರಿ ಪುಸ್ತಕದಲ್ಲಿ ಆಸ್ಪತ್ರೆಯವರು ಏನನ್ನೂ ಬರೆಯತಕ್ಕದ್ದಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದರು. ಸರ್ಕಾರದ ಕಾಗದದಲ್ಲಿ ಶೆಟಿಗೆವ್ವನಿಗೆ ಹಾಳೆ ಮಂಜೂರಾದದ್ದು ಅದೊಂದೇ ಸಲ ಇದ್ದೀತು. ಕಡೆಗೆ ಮೂವತ್ಮೂರನೆಯ ಪುಟ ತೆರೆದು, ನಟ್ಟನಡುವೆ ಬರೆಯಲು ಪೆನ್ನು ಎತ್ತಿದರು.

ಶೇಖವ್ವ ಕೈ ಅಡ್ಡ ಇಟ್ಟಳು. “ಬ್ಯಾಡ್ರಿ. ಅಕಿ ಬರದದ್ದರ ಮ್ಯಾಲ ಬರೀಬಾರದ್ರಿ.”

“ಶೇಖವ್ವಾ, ನಲವತ್ತಕ್ಕ ಕೂಸು ಅದಾವ, ಸಹಿ ಹಾಕಿನಿ. ಇದು ಯಾವ ಕೂಸಿಂದೂ ಅಲ್ಲ. ಖಾಲಿ ಬಿಟ್ರ ನಿಮ್ಮ ಬಾಯಾರಿಗೆ ಪರವಾನಗಿ ಇಲ್ಲ. ಇಲ್ಲೇನಾರ ಬರೀಲೇಬೇಕು.”

ಶೇಖವ್ವ ಪುಟವನ್ನು ನೋಡಿದಳು, ನಸೀರಾರನ್ನು ನೋಡಿದಳು. ಆ ಒಂದು ಪುಟ ಅವಳ ಪಾಲಿಗೆ ಎಷ್ಟು ದೊಡ್ಡದೆಂದು ಅಲ್ಲಿದ್ದವರಿಗೆಲ್ಲ ಆಗ ಗೊತ್ತಿತ್ತು. ಅವಳು ಕೈ ತೆಗೆದಳು.

“ಅಕಿ ಮ್ಯಾಲಿಂದ ಬರದಿರ್ತಾಳ್ರಿ. ನೀವು ಕೆಳಗ ಬರೀರಿ.”

ಸಾಹೇಬರು ಪುಟದ ಕೆಳಗಿನ ಅರ್ಧದಲ್ಲಿ ನಿಧಾನವಾಗಿ ಬರೆದರು. ಬರೆದು ಮುಗಿಸಿ ನಸೀರಾರ ಕಡೆ ತಿರುಗಿಸಿದರು. ನಸೀರಾ ಓದಿದರು, ಓದಿ ಸೆರಗಿನಿಂದ ಕಣ್ಣೊತ್ತಿಕೊಂಡರು. ಶೇಖವ್ವನಿಗೆ ತಡೆಯಲಾಗಲಿಲ್ಲ.

“ಏನಂತ ಬರದಿರಿ? ಜೋರಾಗಿ ಓದ್ರಿ.”

ಸಾಹೇಬರು ಓದಿದರು. “ಶೇಖವ್ವ ಗಂಡ ಉಡಚಪ್ಪ, ಸವಣೂರು. ಹೆರಿಗೆ ಸಹಾಯಕಿ. ಒಂಬತ್ತು ವರ್ಷಗಳಿಂದ ಈ ಆಸ್ಪತ್ರೆಯ ಕೆಲಸದಲ್ಲಿ ಇರುತ್ತಾರೆ. ಇವರನ್ನು ಒಂದು ತಿಂಗಳ ದಾಯಿ ತರಬೇತಿಗೆ ಹಾನಗಲ್ಲಿಗೆ ಕಳಿಸಿ, ಹೆಸರನ್ನು ಸಿಬ್ಬಂದಿ ಪಟ್ಟಿಯಲ್ಲಿ ಸೇರಿಸತಕ್ಕದ್ದು. ಇವರು ಇಲ್ಲದೆ ಈ ಆಸ್ಪತ್ರೆ ನಡೆಯುವುದಿಲ್ಲ ಎಂಬುದು ತನಿಖೆಯಿಂದ ಕಂಡುಬಂದಿದೆ.”

“ಇನ್ನೊಮ್ಮೆ ಓದ್ರಿ” ಎಂದಳು ಶೇಖವ್ವ.

ಸಾಹೇಬರು ಬೇಸರವಿಲ್ಲದೆ ಇನ್ನೊಮ್ಮೆ ಓದಿದರು.

“ಹಾನಗಲ್ಲಾಗ ತರಬೇತಿ ಅಂದ್ರ ಬರಿಯಾಕ ಹಚ್ಚತಾರೇನ್ರಿ? ನನಗ ವಯಸ್ಸು ನಲವತ್ತೈದು ಆತು.”

“ಹೆಚ್ಚಿಗಿಲ್ಲ. ಹಾಜರಿ ಪುಸ್ತಕದಾಗ ದಿನಾ ನಿನ್ನ ಹೆಸರ ಬರೀಬೇಕಾಗ್ತೈತಿ, ಅಷ್ಟ.”

ಶೇಖವ್ವ ಮೇಜಿನ ಮೇಲೆ ಬಾಗಿ ಸಾಲುಗಳನ್ನು ದಿಟ್ಟಿಸಿದಳು. ನೀಲಿ ಮಸಿ ಇನ್ನೂ ಹಸಿಯಾಗಿತ್ತು.

“ಇದರಾಗ ನನ್ನ ಹೆಸರ ಎಲ್ಲೈತ್ರಿ?”

ಬಸವಣ್ಣೆಪ್ಪ ಅವಳ ತೋರುಬೆರಳನ್ನು ಹಿಡಿದು ಮೊದಲ ಸಾಲಿನ ಮೊದಲ ಅಕ್ಷರದ ಕೆಳಗೆ ಇಟ್ಟು, ಮೂರನೆಯ ಅಕ್ಷರದವರೆಗೆ ಸರಿಸಿದರು. ಶೇಖವ್ವ ಆ ಜಾಗವನ್ನು ಬಹಳ ಹೊತ್ತು ನೋಡಿದಳು.

“ಇಷ್ಟ ಏನ್ರಿ?”

“ಇಷ್ಟ. ಮೂರ ಅಕ್ಷರ.”

“ಮೂರ ಅಂದ್ರ ಬಿಡ್ರಿ, ಹಾನಗಲ್ಲಿನ ಬಸ್ಸು ಬರೂದರಾಗ ಕಲೀತೇನಿ” ಎಂದು ಶೇಖವ್ವ ದಾರ ಕಟ್ಟಿದ ಪೆನ್ನನ್ನು ಕೈಗೆ ತೆಗೆದುಕೊಂಡಳು.